ಹೊಸದಾಗಿ ತಂದ ಗೋಸುಂಬೆ ಹಗಲಲ್ಲೇ ಕಣ್ಣು ಮುಚ್ಚಿ ಕೂತಿದೆಯೇ? ಜೇನುತುಪ್ಪ ಹಾಕುವ ಮುನ್ನ ಇದನ್ನು ಓದಿ

ಹೋದ ತಿಂಗಳು ನಮ್ಮ ಮನೆಯವರ ವಾಟ್ಸಪ್ ಗುಂಪಿಗೆ ಒಂದು ಫೋಟೋ ಬಂತು. ಅಮೆರಿಕದ ಟೆಕ್ಸಸ್‌ನಲ್ಲಿರುವ ಅಕ್ಕನ ಮಗ ತನ್ನ ಮಗಳ ಹತ್ತನೇ ಹುಟ್ಟುಹಬ್ಬಕ್ಕೆ ಅಂಗಡಿಯಿಂದ ಗೋಸುಂಬೆ ತಂದಿದ್ದ. ತಂದು ನಾಲ್ಕೇ ದಿನ ಆಗಿತ್ತು. ಫೋಟೋದಲ್ಲಿ ಅದು ಮಸಿ ಬಣ್ಣಕ್ಕೆ ತಿರುಗಿ, ಬೆಳಿಗ್ಗೆ ಹನ್ನೊಂದು ಗಂಟೆಗೇ ಕಣ್ಣು ಮುಚ್ಚಿಕೊಂಡು ಕೊಂಬೆಗೆ ಅಂಟಿಕೊಂಡಿತ್ತು. ಹುಳ ಹಾಕಿದರೆ ತಿನ್ನುತ್ತಿಲ್ಲ, ಏನು ಮಾಡಲಿ ಅಂತ ಕೇಳಿದ್ದ.

ಹತ್ತು ನಿಮಿಷದಲ್ಲಿ ಹದಿನೈದು ಸಲಹೆ ಬಂದವು. ಬಾಯಿ ಬಿಡಿಸಿ ಜೇನುತುಪ್ಪ ಹಾಕಿ ಅಂದರು ಒಬ್ಬರು. ಅರಿಶಿನದ ನೀರು ಕುಡಿಸಿ ಅಂದರು ಇನ್ನೊಬ್ಬರು. ಕೊಂಬೆ ಕಪ್ಪಗಿದೆ, ಅದಕ್ಕೇ ಅದೂ ಕಪ್ಪಾಗಿದೆ, ಹಸಿರು ಎಲೆ ಮೇಲೆ ಕೂರಿಸಿ ನೋಡಿ ಅಂತ ಮತ್ತೊಬ್ಬರು. ಗಾಜಿನ ಪೆಟ್ಟಿಗೆಯನ್ನು ಕಿಟಕಿ ಪಕ್ಕ ಬಿಸಿಲಿಗೆ ಇಡಿ, ಬಿಸಿನೀರಲ್ಲಿ ಸ್ನಾನ ಮಾಡಿಸಿ, ಗೋಸುಂಬೆ ಗಾಳಿ ಕುಡಿದೇ ಬದುಕುತ್ತೆ ಚಿಂತೆ ಬೇಡ... ಎಲ್ಲರದ್ದೂ ಒಳ್ಳೆಯ ಮನಸ್ಸೇ. ಆದರೆ ಈ ಸಲಹೆಗಳಲ್ಲಿ ಎರಡು ಆ ಪ್ರಾಣಿಯನ್ನು ಅಂದೇ ಸಾಯಿಸಬಹುದಿತ್ತು.

ನಮ್ಮ ಊರಲ್ಲಿ ಇದು ಸಾಕುಪ್ರಾಣಿ ಅಲ್ಲ

ಮೊದಲಿಗೇ ಒಂದು ವಿಷಯ ಸ್ಪಷ್ಟ ಮಾಡಿಬಿಡೋಣ. ಕರ್ನಾಟಕದ ತೋಟ, ಬೇಲಿ, ಕುರುಚಲು ಕಾಡುಗಳಲ್ಲಿ ಕಾಣುವ ಗೋಸುಂಬೆಯನ್ನು ಹಿಡಿದು ಸಾಕುವುದು ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದಕ್ಕೆ ರಕ್ಷಣೆ ಇದೆ. ಮಗು ಆಸೆಪಟ್ಟಿತು, ಎರಡು ದಿನ ಇಟ್ಟುಕೊಂಡು ಬಿಡ್ತೀವಿ ಅನ್ನುವುದೂ ಸರಿಯಲ್ಲ. ಗಾಯಗೊಂಡದ್ದು, ನಿತ್ರಾಣವಾದದ್ದು ಸಿಕ್ಕರೆ ಗಾಳಿಯಾಡುವ ರಟ್ಟಿನ ಡಬ್ಬದಲ್ಲಿ ಒಂದು ಕೊಂಬೆ ಇಟ್ಟು, ಅದರ ಮೇಲೆ ಹತ್ತಿಸಿ, ಕತ್ತಲಾಗಿ ಮುಚ್ಚಿ, ಅರಣ್ಯ ಇಲಾಖೆಗೋ ವನ್ಯಜೀವಿ ರಕ್ಷಣಾ ಸಂಸ್ಥೆಗೋ ಫೋನ್ ಮಾಡಿ. ಬರೀ ರಸ್ತೆ ದಾಟುತ್ತಿದ್ದರೆ ಅದು ಹೋಗುತ್ತಿದ್ದ ದಿಕ್ಕಿನಲ್ಲೇ ಪಕ್ಕದ ಗಿಡಕ್ಕೆ ಬಿಟ್ಟರೆ ಸಾಕು. ಹೆಣ್ಣು ಗೋಸುಂಬೆ ಮೊಟ್ಟೆ ಇಡಲು ಮರದಿಂದ ನೆಲಕ್ಕೆ ಇಳಿಯಲೇಬೇಕು, ನಡಿಗೆಯೋ ಬಲು ನಿಧಾನ. ಹಾಗಾಗಿ ಟೈರಿಗೆ ಸಿಕ್ಕಿ ಸಾಯುವುದೇ ಹೆಚ್ಚು.

ಇನ್ನೊಂದು ಗೊಂದಲವೂ ಇದೆ. ಬೇಲಿ ಮೇಲೆ ತಲೆ ಕುಣಿಸುತ್ತಾ ಕತ್ತು ಕೆಂಪಗೆ ಮಾಡಿಕೊಳ್ಳುವ ಓತಿಕ್ಯಾತವನ್ನೇ ಎಷ್ಟೋ ಜನ ಗೋಸುಂಬೆ ಅಂದುಕೊಂಡಿದ್ದಾರೆ. ಗೋಸುಂಬೆಗೆ ಇಕ್ಕಳದಂಥ ಕಾಲು, ಸುರುಳಿ ಸುತ್ತುವ ಬಾಲ, ಒಂದೊಂದು ಕಡೆಗೆ ಒಂದೊಂದಾಗಿ ತಿರುಗುವ ಕಣ್ಣು. ಎರಡಕ್ಕೂ ವಿಷ ಇಲ್ಲ. ಎರಡೂ ದೂರದಿಂದ ರಕ್ತ ಹೀರುವುದಿಲ್ಲ. ಕಲ್ಲು ಹೊಡೆಯುವ ಮಕ್ಕಳಿಗೆ ಇದನ್ನು ಯಾರಾದರೂ ಹೇಳಬೇಕು.

ಅಮೆರಿಕ, ಯುರೋಪಿನ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ಬೇರೆಯದೇ ಜಾತಿ. ತಲೆ ಮೇಲೆ ಕಿರೀಟದಂತೆ ಎತ್ತರದ ಕೋಡು ಇರುವ ವೇಲ್ಡ್ ಕಮೀಲಿಯನ್. ಇದರ ಮೂಲ ಯೆಮನ್ ಮತ್ತು ಸೌದಿ ಅರೇಬಿಯಾದ ನೈರುತ್ಯ ಬೆಟ್ಟಗಳು. ಅಲ್ಲಿ ಇದನ್ನು ಸಾಕಣೆಯಲ್ಲೇ ಮರಿ ಮಾಡಿಸಿ ಮಾರುತ್ತಾರೆ. ಅಕ್ಕನ ಮಗ ತಂದದ್ದೂ ಇದನ್ನೇ. ಹೊರದೇಶದಲ್ಲಿ ಮಕ್ಕಳಿಗಾಗಿ ಇಂಥದ್ದನ್ನು ತಂದಿರುವ ನಮ್ಮವರು ಇನ್ನೂ ಇದ್ದಾರೆ ಅನ್ನುವುದು ಆ ಗುಂಪಿನಲ್ಲೇ ಗೊತ್ತಾಯಿತು. ಅದಕ್ಕೇ ಈ ಬರಹ.

ಕಪ್ಪಾಗಿದ್ದು ಕೊಂಬೆಯಿಂದಲ್ಲ

ಬಣ್ಣಬಣ್ಣದ ಕನ್ನಡಕಗಳ ಮೇಲೆ ನಡೆಯುತ್ತಾ ಗೋಸುಂಬೆ ಕ್ಷಣಕ್ಷಣಕ್ಕೂ ಆಯಾ ಬಣ್ಣಕ್ಕೆ ತಿರುಗುವ ವಿಡಿಯೋ ನಿಮಗೂ ಬಂದಿರಬಹುದು. ಅದು ಕನ್ನಡಕದ ಕಂಪನಿಯೊಂದು ಜಾಹೀರಾತಿಗಾಗಿ ಕಂಪ್ಯೂಟರಿನಲ್ಲಿ ಮಾಡಿಸಿದ್ದು. ನಿಜದ ಗೋಸುಂಬೆ ಕೂತ ಜಾಗಕ್ಕೆ ತಕ್ಕಂತೆ ಬಣ್ಣ ಬದಲಿಸುವುದಿಲ್ಲ. ಚಳಿ, ಬಿಸಿ, ಭಯ, ಸಿಟ್ಟು, ಇನ್ನೊಂದು ಗೋಸುಂಬೆಯ ಎದುರು ಮೆರೆಯುವ ಆಸೆ, ಇವುಗಳಿಗೆ ತಕ್ಕಂತೆ ಬದಲಿಸುತ್ತದೆ. ಅದರ ಚರ್ಮದಲ್ಲಿ ಗ್ವಾನಿನ್ ಎಂಬ ವಸ್ತುವಿನ ಅತಿಸೂಕ್ಷ್ಮ ಹರಳುಗಳಿವೆ. ಹರಳುಗಳ ನಡುವಿನ ಅಂತರ ಹೆಚ್ಚು ಕಡಿಮೆಯಾದರೆ ಹೊಮ್ಮುವ ಬಣ್ಣವೂ ಬದಲಾಗುತ್ತದೆ ಎಂದು 2015ರಲ್ಲಿ ಜಿನೀವಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ತೋರಿಸಿದರು. ಕಪ್ಪಾಗುವುದು ಇನ್ನೊಂದು ಬಗೆಯ ಕೋಶಗಳಿಂದ. ಅವುಗಳಲ್ಲಿರುವ ಮೆಲನಿನ್ ಹರಡಿಕೊಂಡರೆ ಮೈ ಕಪ್ಪಾಗುತ್ತದೆ.

ಅಂದರೆ ಸಾಕಿದವರಿಗೆ ಬಣ್ಣವೇ ಥರ್ಮಾಮೀಟರ್ ಇದ್ದಂತೆ. ಬೆಳಿಗ್ಗೆ ದೀಪದ ಕೆಳಗೆ ಕಪ್ಪಾಗಿ ಕೂತು, ಬಿಸಿಯಾದ ಮೇಲೆ ಹಸಿರಾದರೆ ಸರಿಯಾಗಿಯೇ ಇದೆ. ಕಪ್ಪು ಬಟ್ಟೆ ಬಿಸಿಲನ್ನು ಹೀರುವ ಲೆಕ್ಕ. ದಿನವಿಡೀ ಕಪ್ಪಾಗಿದ್ದರೆ ಒಂದೋ ಚಳಿ, ಒಂದೋ ಭಯ, ಒಂದೋ ಕಾಯಿಲೆ. ಹೊಸದಾಗಿ ತಂದ ಮೊದಲ ಕೆಲವು ದಿನ ಭಯಕ್ಕೇ ಕಪ್ಪಾಗಿರಬಹುದು. ಆದರೆ ಕಣ್ಣು ಬೇರೆ ಮಾತು. ಆರೋಗ್ಯವಾಗಿರುವ ಗೋಸುಂಬೆ ಹಗಲಲ್ಲಿ ನಿದ್ದೆ ಮಾಡುವುದೇ ಇಲ್ಲ. ಹಗಲಲ್ಲಿ ಕಣ್ಣು ಮುಚ್ಚಿ ಕೂತಿದೆ ಅಂದರೆ ಅದು ಕಾಯಿಲೆಯನ್ನು ಮುಚ್ಚಿಡುವ ಶಕ್ತಿಯನ್ನೂ ಕಳೆದುಕೊಂಡಿದೆ ಅಂತ ಅರ್ಥ. ಬೇಟೆಗೆ ಬಲಿಯಾಗುವ ಪ್ರಾಣಿಗಳು ನೋವನ್ನು ಕೊನೆಯವರೆಗೂ ತೋರಿಸುವುದಿಲ್ಲ. ನಮ್ಮ ಕಣ್ಣಿಗೆ ನಿನ್ನೆಯಿಂದ ಹುಷಾರಿಲ್ಲ ಎಂದು ಕಂಡದ್ದು ಎಷ್ಟೋ ಸಲ ತಿಂಗಳುಗಳ ಹಿಂದೆಯೇ ಶುರುವಾಗಿರುತ್ತದೆ, ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲೇ.

ಬಟ್ಟಲಲ್ಲಿ ನೀರಿದ್ದೂ ಬಾಯಾರಿಕೆ

ಗೋಸುಂಬೆ ಗಾಳಿ ಕುಡಿದೇ ಬದುಕುತ್ತದೆ ಅನ್ನುವುದು ಇವತ್ತಿನ ಫಾರ್ವರ್ಡ್ ಅಲ್ಲ. ಸುಮಾರು ಎರಡು ಸಾವಿರ ವರ್ಷದ ಹಿಂದೆ ರೋಮಿನ ಪ್ಲಿನಿ ಇದನ್ನು ಬರೆದಿಟ್ಟ. ಷೇಕ್ಸ್‌ಪಿಯರನ ಹ್ಯಾಮ್ಲೆಟ್ ಬಾಯಲ್ಲೂ ಈ ಮಾತು ಬರುತ್ತದೆ. ಆ ಕಾಲದವರು ಯಾಕೆ ಹಾಗೆ ನಂಬಿದರು ಅಂತ ಊಹಿಸುವುದು ಕಷ್ಟವಲ್ಲ. ಅದು ನೀರಿನ ಬಳಿ ಹೋಗಿ ಕುಡಿಯುವುದನ್ನು ಯಾರೂ ನೋಡಿರಲಿಲ್ಲ. ಅದು ಕುಡಿಯುವುದು ಎಲೆಯ ಮೇಲೆ ಕೂತ ಇಬ್ಬನಿಯನ್ನು, ಮಳೆ ಹನಿಯನ್ನು. ನಿಂತ ನೀರನ್ನು ಹೆಚ್ಚಿನ ಗೋಸುಂಬೆಗಳು ನೀರು ಅಂತಲೇ ಗುರುತಿಸುವುದಿಲ್ಲ. ಹೀಗಾಗಿ ಬಟ್ಟಲು ತುಂಬ ನೀರಿಟ್ಟು, ಪಕ್ಕದಲ್ಲೇ ಪ್ರಾಣಿ ಒಣಗಿ ಸಾಯುವುದು ಉಂಟು.

ನೀರು ಕಡಿಮೆಯಾಗಿದೆ ಅಂತ ಹೇಗೆ ಗೊತ್ತಾಗುತ್ತೆ? ಕಣ್ಣಿನ ಗುಬುಟು ಒಳಗೆ ಕುಸಿದಿರುತ್ತದೆ. ಚರ್ಮ ಸುಕ್ಕು. ಎಲ್ಲಕ್ಕಿಂತ ಒಳ್ಳೆಯ ಸಾಕ್ಷಿ ಹಿಕ್ಕೆ. ಗೋಸುಂಬೆಯ ಹಿಕ್ಕೆಯಲ್ಲಿ ಕಂದು ಭಾಗ ಮಲ, ಪಕ್ಕದ ಸುಣ್ಣದಂಥ ಬಿಳಿ ಭಾಗ ಅದರ ಮೂತ್ರ. ಆ ಬಿಳಿ ಭಾಗ ದಟ್ಟ ಕಿತ್ತಳೆ ಬಣ್ಣಕ್ಕೆ ತಿರುಗಿ ಮರಳಿನಂತೆ ಗಟ್ಟಿಯಾಗಿದ್ದರೆ ನೀರು ಸಾಲುತ್ತಿಲ್ಲ. ಅಕ್ಕನ ಮಗನಿಗೆ ಹಿಕ್ಕೆಯ ಫೋಟೋ ಕಳಿಸು ಅಂದಾಗ ಗುಂಪಿನಲ್ಲಿ ಎಲ್ಲರೂ ನಕ್ಕರು. ಫೋಟೋ ಬಂತು. ಕಿತ್ತಳೆ.

ಇದಕ್ಕೆ ಪರಿಹಾರ ಸಿರಿಂಜಿನಲ್ಲಿ ಬಾಯಿಗೆ ನೀರು ಹಾಕುವುದಲ್ಲ. ಜೇನುತುಪ್ಪ, ಅರಿಶಿನದ ನೀರು ಅಂತೂ ಬೇಡವೇ ಬೇಡ. ಗೋಸುಂಬೆಯ ಶ್ವಾಸನಾಳದ ಬಾಯಿ ಅದರ ಬಾಯಿಯೊಳಗೆ ಮುಂದೆಯೇ ಇದೆ. ಬಲವಂತವಾಗಿ ಬಾಯಿ ಬಿಡಿಸಿ ಸುರಿದದ್ದು ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಗುಂಪಿನ ಸಲಹೆಗಳಲ್ಲಿ ಪ್ರಾಣ ತೆಗೆಯುವ ಒಂದು ಇದೇ. ಬಿಸಿನೀರ ಸ್ನಾನವೂ ಬೇಡ. ಮರದ ಮೇಲೆ ಬದುಕುವ ಪ್ರಾಣಿಗೆ ನೀರಲ್ಲಿ ಮುಳುಗಿಸುವುದು ಬರೀ ಭಯ. ಬೇರೆ ಕೆಲವು ಹಲ್ಲಿಗಳಿಗೆ ಹೇಳುವ ಸಲಹೆಯನ್ನು ಇದಕ್ಕೂ ಅಂಟಿಸಿದ್ದಾರೆ, ಅಷ್ಟೇ.

ಮಾಡಬೇಕಾದದ್ದು ಮಳೆ ತರಿಸುವುದು. ಕೈಪಂಪಿನ ಸ್ಪ್ರೇಯಿಂದ ಬೆಳಿಗ್ಗೆ ಮತ್ತು ಸಂಜೆ ಎಲೆಗಳ ಮೇಲೆ ಎರಡು ಮೂರು ನಿಮಿಷ ಸಣ್ಣ ತುಂತುರು ಹಾಕಿ. ಮುಖಕ್ಕೆ ನೇರ ಬೇಡ. ಜೊತೆಗೆ ಒಂದು ಪ್ಲಾಸ್ಟಿಕ್ ಲೋಟದ ತಳಕ್ಕೆ ಸೂಜಿಯಿಂದ ತೂತು ಮಾಡಿ ಗೂಡಿನ ಮೇಲಿಟ್ಟರೆ ಎಲೆ ಮೇಲೆ ಹನಿ ಹನಿಯಾಗಿ ಬೀಳುತ್ತದೆ. ಶಿವಲಿಂಗದ ಮೇಲಿನ ಧಾರಾಪಾತ್ರೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹನಿ ಬೀಳತೊಡಗಿದರೂ ಅದು ತಕ್ಷಣ ಕುಡಿಯುವುದಿಲ್ಲ. ಹತ್ತು ಹದಿನೈದು ನಿಮಿಷ ನೋಡುತ್ತಾ ಕೂತು, ಯಾರೂ ಇಲ್ಲ ಅಂತ ಖಾತ್ರಿಯಾದ ಮೇಲೆ ನಾಲಿಗೆ ಚಾಚುತ್ತದೆ. ನೀವು ಎದುರಿಗೆ ನಿಂತು ಮೊಬೈಲ್ ಹಿಡಿದರೆ ಕುಡಿಯುವುದೇ ಇಲ್ಲ. ಕೆಳಗೆ ಬಿದ್ದ ನೀರು ಹರಿದು ಹೋಗುವಂತಿರಲಿ, ಎರಡು ಮಳೆಗಳ ನಡುವೆ ಗೂಡು ಒಣಗಲಿ. ಸದಾ ತೇವ, ಗಾಳಿ ಆಡದ ಗಾಜಿನ ಪೆಟ್ಟಿಗೆ, ಇವೆರಡು ಸೇರಿದರೆ ಎದೆ ಸೋಂಕು ಬರುತ್ತದೆ. ಅದಕ್ಕೇ ಇದಕ್ಕೆ ಜಾಲರಿ ಗೂಡು ಬೇಕು, ಬೆಳೆದದ್ದಕ್ಕೆ ಸುಮಾರು ಎರಡಡಿ ಅಗಲ, ಎರಡಡಿ ಉದ್ದ, ನಾಲ್ಕಡಿ ಎತ್ತರ.

ಕಿಟಕಿಯ ಬಿಸಿಲು ಏಕೆ ಸಾಲದು?

ಇದು ಈ ಬರಹದ ಮುಖ್ಯ ಭಾಗ, ಮನುಷ್ಯರಿಗೂ ಉಪಯೋಗವಾದೀತು.

ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳಲ್ಲಿ ಯುವಿಬಿ ಎಂಬ ಪಾಲು ಚರ್ಮದ ಮೇಲೆ ಬಿದ್ದಾಗ ಅಲ್ಲಿನ ಕೊಲೆಸ್ಟರಾಲ್ ಮೂಲದ ವಸ್ತುವೊಂದು ವಿಟಮಿನ್ ಡಿ3 ಆಗುತ್ತದೆ. ಯಕೃತ್ತು, ಮೂತ್ರಪಿಂಡಗಳಲ್ಲಿ ಇನ್ನಷ್ಟು ಬದಲಾಗಿ, ತಿಂದ ಆಹಾರದ ಕ್ಯಾಲ್ಸಿಯಂ ಅನ್ನು ಕರುಳು ಹೀರಿಕೊಳ್ಳುವಂತೆ ಮಾಡುತ್ತದೆ. ಮನೆಯ ಸಾಮಾನ್ಯ ಕಿಟಕಿ ಗಾಜು ಈ ಯುವಿಬಿಯನ್ನು ಹೆಚ್ಚುಕಡಿಮೆ ಪೂರ್ತಿ ತಡೆದುಬಿಡುತ್ತದೆ. ಬೆಳಕು ಬರುತ್ತದೆ, ಬಿಸಿ ಬರುತ್ತದೆ, ಬೇಕಾದ್ದು ಬರುವುದಿಲ್ಲ. ಮುಚ್ಚಿದ ಕಿಟಕಿ ಹಿಂದೆ ಕೂತು ವಿಟಮಿನ್ ಡಿ ಸಿಕ್ಕಿತು ಅಂದುಕೊಳ್ಳುವ ನಮಗೂ ಇದೇ ಲೆಕ್ಕ. ಮೇಲಾಗಿ ಗಾಜಿನ ಪೆಟ್ಟಿಗೆಯನ್ನು ಬಿಸಿಲಿಗಿಟ್ಟರೆ ಕೆಲವೇ ನಿಮಿಷಗಳಲ್ಲಿ ಅದು ಬಾಗಿಲು ಮುಚ್ಚಿ ನಿಲ್ಲಿಸಿದ ಕಾರಿನಂತಾಗುತ್ತದೆ. ಪ್ರಾಣ ತೆಗೆಯುವ ಎರಡನೇ ಸಲಹೆ ಇದು.

ಯುವಿಬಿ ಇಲ್ಲದಿದ್ದರೆ ಏನಾಗುತ್ತದೆ? ಅಂಗಡಿಯಲ್ಲಿ ಸಿಗುವ ಚಿಮ್ಮಂಡೆಯಂಥ ಹುಳಗಳಲ್ಲಿ ಕ್ಯಾಲ್ಸಿಯಂ ಮೊದಲೇ ಕಡಿಮೆ, ರಂಜಕ ಹಲವು ಪಟ್ಟು ಹೆಚ್ಚು. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಾಗ ದೇಹ ಸುಮ್ಮನಿರುವುದಿಲ್ಲ, ಹೃದಯ ಬಡಿಯಲು ಅದು ಬೇಕೇ ಬೇಕು. ಹಾಗಾಗಿ ಮೂಳೆಯಿಂದ ಕೀಳುತ್ತದೆ. ಸಂಬಳ ಬಾರದಾಗ ಮನೆಯ ಚಿನ್ನ ಅಡವಿಡುವಂತೆ. ಮೂಳೆ ಮೆತ್ತಗಾಗುತ್ತದೆ, ಮುಂಗಾಲು ಬಿಲ್ಲಿನಂತೆ ಬಾಗುತ್ತದೆ, ದವಡೆ ರಬ್ಬರಿನಂತಾಗುತ್ತದೆ, ನಾಲಿಗೆ ಚಿಮ್ಮಲು ಬಲ ಸಾಲದೆ ಹುಳ ಕಂಡರೂ ಹಿಡಿಯಲಾರದು. ಮಕ್ಕಳ ರಿಕೆಟ್ಸ್‌ಗೆ ಹತ್ತಿರದ ಸಂಬಂಧಿ ಇದು. ಹಸಿವಿಲ್ಲ ಅಂತ ನಾವು ಅಂದುಕೊಂಡದ್ದು ಹಲವು ಸಲ ತಿನ್ನಲಾಗದ ಸ್ಥಿತಿ.

ಇಲ್ಲಿ ಒಂದು ಎಚ್ಚರ. ಗೋಸುಂಬೆ ಗಾಳಿಗಾಡುವ ಎಲೆಯಂತೆ ಹಿಂದೆ ಮುಂದೆ ತೂಗುತ್ತಾ ನಡೆಯುವುದು ಸಹಜ. ಕುಣಿಯುತ್ತಿದೆ ಅಂತ ವಿಡಿಯೋ ಹಂಚಿದರೆ ತಪ್ಪೇನಿಲ್ಲ. ಆದರೆ ಬೆರಳುಗಳು ಅದುರುವುದು, ಕಾಲು ನಡುಗುವುದು, ಕೊಂಬೆಯ ಹಿಡಿತ ತಪ್ಪಿ ಬೀಳುವುದು ಬೇರೆ. ಅದು ಕ್ಯಾಲ್ಸಿಯಂ ಕುಸಿದಿರುವ ಲಕ್ಷಣ ಇರಬಹುದು.

ದೀಪದ ವಿಷಯಕ್ಕೆ ಬಂದರೆ, ಅಕ್ಕನ ಮಗನಿಗೆ ಅಂಗಡಿಯವರು ಸುರುಳಿಯಾಕಾರದ ಸಣ್ಣ ಬಲ್ಬು ಕೊಟ್ಟಿದ್ದರು. ಅದರ ಕಿರಣ ಒಂದು ಮೂಲೆಗೆ ಮಾತ್ರ ಬೀಳುತ್ತದೆ. ಗೂಡಿನ ಅಗಲಕ್ಕೂ ಹರಡುವ ಉದ್ದದ ಟಿ5 ಯುವಿಬಿ ಟ್ಯೂಬ್ ಬೇಕು, ಐದು ಅಥವಾ ಆರು ಪರ್ಸೆಂಟಿನದ್ದು. ಗೋಸುಂಬೆ ಕೂರುವ ಮೇಲಿನ ಕೊಂಬೆ ಅದರಿಂದ ಸುಮಾರು 20ರಿಂದ 25 ಸೆಂಟಿಮೀಟರ್ ಕೆಳಗಿರಲಿ. ಪಕ್ಕದಲ್ಲಿ ಬಿಸಿಗೆ ಸಾಮಾನ್ಯ ಬಲ್ಬು, ಕೂರುವ ಜಾಗದಲ್ಲಿ ಸುಮಾರು 29 ಡಿಗ್ರಿ ಸೆಲ್ಸಿಯಸ್. ಕೈಯಿಟ್ಟು ಅಂದಾಜು ಮಾಡಬೇಡಿ, ಥರ್ಮಾಮೀಟರ್ ಇಡಿ. ಕೆಳಗಿನ ಕೊಂಬೆಗಳು ತಂಪಾಗಿರಲಿ, ಬೇಕಾದಾಗ ಇಳಿದು ಹೋಗಲು. ಹನ್ನೆರಡು ಗಂಟೆ ಬೆಳಕು, ಹನ್ನೆರಡು ಗಂಟೆ ಪೂರ್ತಿ ಕತ್ತಲೆ. ರಾತ್ರಿಗೆ ಕೆಂಪು ಬಲ್ಬು ಮಾರುತ್ತಾರೆ, ಬೇಡ. ಮನೆಯೊಳಗೆ 20 ಡಿಗ್ರಿ ಆಸುಪಾಸು ಇದ್ದರೆ ರಾತ್ರಿಗೆ ಬಿಸಿ ಬೇಕಿಲ್ಲ.

ಊಟ, ಅದೂ ನಂತರ

ಕಾಯಿಲೆ ಬಿದ್ದವರಿಗೆ ಮೊದಲು ಊಟ ಅನ್ನುವುದು ನಮ್ಮ ರೂಢಿ. ಇಲ್ಲಿ ಕ್ರಮ ತಿರುಗುಮುರುಗು. ಮೊದಲು ಬಿಸಿ, ಆಮೇಲೆ ನೀರು, ಆಮೇಲೆ ಊಟ. ಇದು ಶೀತರಕ್ತದ ಪ್ರಾಣಿ, ಮೈ ಬಿಸಿಯಾಗದೆ ಜೀರ್ಣವಾಗುವುದಿಲ್ಲ. ಸೋಂಕಿನ ಜೊತೆ ಹೋರಾಡಲೂ ಬಿಸಿ ಬೇಕು. ಒಣಗಿದ ದೇಹಕ್ಕೆ ಬಲವಂತದ ಊಟ ಹಾಕಿದರೆ ಮೂತ್ರಪಿಂಡಕ್ಕೆ ಪೆಟ್ಟು.

ತಿನ್ನತೊಡಗಿದ ಮೇಲೆ ಅದರ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡ ಹುಳ ಬೇಡ. ಹುಳಕ್ಕೆ ಒಂದು ದಿನ ಮೊದಲು ಸೊಪ್ಪು, ಕ್ಯಾರೆಟ್ ತಿನ್ನಿಸಿ. ಹಾಕುವ ಮುನ್ನ ಡಿ3 ಇಲ್ಲದ ಬರೀ ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿ, ಮಾವಿನಕಾಯಿ ಹೋಳಿಗೆ ಉಪ್ಪು ಸವರಿದಷ್ಟು ತೆಳ್ಳಗೆ. ಡಿ3 ಮತ್ತು ಎ ಇರುವ ವಿಟಮಿನ್ ಪುಡಿ ತಿಂಗಳಿಗೆ ಎರಡು ಸಲ ಸಾಕು. ಹೆಚ್ಚಾದರೆ ಅದೇ ವಿಷ, ಗಂಟಲ ಕೆಳಗೆ ಊತ ಬರಬಹುದು. ತೋಟದಿಂದ ಹಿಡಿದ ಹುಳ ಬೇಡ, ಔಷಧಿ ಸಿಂಪಡಿಸಿದ್ದಿರಬಹುದು. ಮಿಂಚುಹುಳ ಅಂತೂ ಒಂದೂ ಬೇಡ, ಅದರ ಮೈಯಲ್ಲಿರುವ ವಿಷ ಹೃದಯವನ್ನೇ ನಿಲ್ಲಿಸಬಲ್ಲದು.

ತಿನ್ನದ ಹುಳಗಳನ್ನು ರಾತ್ರಿ ಗೂಡಲ್ಲಿ ಬಿಡಬೇಡಿ. ಚಿಮ್ಮಂಡೆಗಳು ಮಲಗಿದ ಗೋಸುಂಬೆಯನ್ನೇ ಕಚ್ಚುತ್ತವೆ.

ಮುಟ್ಟಬೇಡಿ ಅಂದರೆ ಮಗು ಅಳುತ್ತೆ

ಹೌದು, ಇದೇ ಕಷ್ಟದ ಭಾಗ. ಗೋಸುಂಬೆ ನಾಯಿಮರಿ ಅಲ್ಲ, ಮುಟ್ಟಿಸಿಕೊಳ್ಳುವುದರಲ್ಲಿ ಅದಕ್ಕೆ ಸುಖವಿಲ್ಲ. ಮೇಲಿನಿಂದ ಬರುವ ಕೈ ಅದಕ್ಕೆ ಹದ್ದು. ಗೂಡನ್ನು ನಮ್ಮ ಕಣ್ಣಿಗಿಂತ ಎತ್ತರದಲ್ಲಿಡಿ, ಮನಿ ಪ್ಲಾಂಟ್, ದಾಸವಾಳದ ಗಿಡ ಒಳಗಿಟ್ಟು ಅಡಗಲು ಜಾಗ ಮಾಡಿ, ಟಿವಿಯಿಂದ ದೂರ ಇಡಿ. ಜೊತೆಗಿರಲಿ ಅಂತ ಇನ್ನೊಂದನ್ನು ತರಬೇಡಿ. ಅವು ಒಂಟಿ ಜೀವಿಗಳು, ಕನ್ನಡಿ ಕಂಡರೂ ಸಿಟ್ಟಾಗುತ್ತವೆ. ಮುಟ್ಟಿದರೆ, ಗೂಡು ತೊಳೆದರೆ ಸೋಪು ಹಚ್ಚಿ ಕೈ ತೊಳೆಯಲೇಬೇಕು. ಹಾವು, ಹಲ್ಲಿ, ಆಮೆಗಳಂತೆ ಇವುಗಳ ಹೊಟ್ಟೆಯಲ್ಲೂ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಐದು ವರ್ಷದೊಳಗಿನ ಮಕ್ಕಳಿರುವ ಮನೆಗೆ ಸರೀಸೃಪ ಬೇಡ ಅನ್ನುವುದು ಅಮೆರಿಕದ ಸಿಡಿಸಿ ಸಂಸ್ಥೆಯ ಸಲಹೆ.

ಮಗುವಿಗೆ ಬೇರೆ ಕೆಲಸ ಕೊಡಬಹುದು. ಅಡುಗೆಮನೆಯ ಗ್ರಾಂ ತಕ್ಕಡಿಯಲ್ಲಿ ಒಂದು ಕೋಲಿಟ್ಟು ವಾರಕ್ಕೊಮ್ಮೆ ತೂಕ, ಹಿಕ್ಕೆಯ ಬಣ್ಣ, ತಿಂದ ಹುಳದ ಲೆಕ್ಕ ನೋಟ್‌ಬುಕ್ಕಿನಲ್ಲಿ ಬರೆಯುವುದು. ವೈದ್ಯರಿಗೆ ಈ ಪುಸ್ತಕಕ್ಕಿಂತ ಒಳ್ಳೆಯ ರಿಪೋರ್ಟ್ ಸಿಗದು.

ವೈದ್ಯರ ಬಳಿಗೆ ಯಾವಾಗ?

ಹಗಲಲ್ಲಿ ಕಣ್ಣು ಮುಚ್ಚಿದ್ದರೆ, ಗೂಡಿನ ನೆಲದ ಮೇಲೆ ಬಿದ್ದಿದ್ದರೆ, ತಲೆ ಮೇಲೆತ್ತಿ ಬಾಯಿ ತೆರೆದು ಉಸಿರಾಡುತ್ತಾ ಲೋಳೆ ಕಾಣುತ್ತಿದ್ದರೆ, ಕಾಲು ಊದಿದ್ದರೆ ಅಥವಾ ಬಾಗಿದ್ದರೆ ಅಂದೇ ಹೋಗಬೇಕು. ನಾಯಿ ಬೆಕ್ಕು ನೋಡುವ ಎಲ್ಲ ವೈದ್ಯರಿಗೂ ಇದರ ಅನುಭವ ಇರುವುದಿಲ್ಲ. ಸರೀಸೃಪ ಮತ್ತು ಉಭಯಚರ ಪಶುವೈದ್ಯರ ಸಂಘ ಎಆರ್‌ಎವಿಯ ಜಾಲತಾಣದಲ್ಲಿ ಊರಿನ ಪ್ರಕಾರ ಹುಡುಕಬಹುದು. ತಾಜಾ ಹಿಕ್ಕೆಯನ್ನೂ ಡಬ್ಬದಲ್ಲಿ ಒಯ್ಯಿರಿ, ಹೊಟ್ಟೆಹುಳದ ಪರೀಕ್ಷೆಗೆ. ಮನೆಯಲ್ಲಿರುವ ಜಂತುಹುಳದ ಔಷಧಿ, ಆಂಟಿಬಯಾಟಿಕ್ ಹನಿ ಹಾಕುವ ಸಾಹಸ ಬೇಡ. ನೂರು ಗ್ರಾಂ ತೂಗದ ಜೀವಕ್ಕೆ ಅರ್ಧ ಹನಿಯೂ ಹೆಚ್ಚಾಗಬಹುದು.

ಹೆಣ್ಣಾದರೆ ಇನ್ನೊಂದು ಅಪಾಯ. ವೇಲ್ಡ್ ಗೋಸುಂಬೆ ಗಂಡಿನ ಸಂಗವಿಲ್ಲದೆಯೂ ಮೊಟ್ಟೆ ಕಟ್ಟುತ್ತದೆ, ಕೋಳಿಯಂತೆ. ನೆಲ ಅಗೆಯಲು ಒಂದಡಿ ಆಳದ ಹಸಿ ಮರಳಿನ ಡಬ್ಬ ಇಲ್ಲದಿದ್ದರೆ ಮೊಟ್ಟೆ ಹೊಟ್ಟೆಯಲ್ಲೇ ಉಳಿದು ಸಾಯಬಹುದು. ಗಂಡೋ ಹೆಣ್ಣೋ ತಿಳಿಯುವುದು ಸುಲಭ. ಗಂಡಿಗೆ ಹಿಂಗಾಲಿನ ಹಿಮ್ಮಡಿಯಲ್ಲಿ ಹುಟ್ಟಿನಿಂದಲೇ ಒಂದು ಸಣ್ಣ ಗುಬಟು ಇರುತ್ತದೆ, ಹೆಣ್ಣಿಗೆ ಇಲ್ಲ.

ಸಾಕಲಾಗುವುದಿಲ್ಲ ಅನಿಸಿದರೆ ಪಾರ್ಕಿನಲ್ಲಿ ಬಿಟ್ಟು ಬರಬೇಡಿ. ಹಾಗೆ ಹೊರಬಿದ್ದ ವೇಲ್ಡ್ ಗೋಸುಂಬೆಗಳು ಫ್ಲಾರಿಡಾದಲ್ಲೂ ಹವಾಯಿಯಲ್ಲೂ ಕಾಡಿಗೆ ಸೇರಿ ಸ್ಥಳೀಯ ಜೀವಿಗಳಿಗೆ ತೊಂದರೆಯಾಗಿವೆ. ಸರೀಸೃಪ ರಕ್ಷಣಾ ಗುಂಪಿಗೆ ಒಪ್ಪಿಸಿ.

ಅಕ್ಕನ ಮಗ ಅಂದು ಸಂಜೆಯೇ ವೈದ್ಯರ ಬಳಿ ಹೋದ. ಎಕ್ಸ್‌ರೇಯಲ್ಲಿ ಮೂಳೆ ತೆಳುವಾಗಿತ್ತು, ಎಡ ಮುಂಗಾಲು ಆಗಲೇ ಸ್ವಲ್ಪ ಬಾಗಿತ್ತು. ಚರ್ಮದಡಿಗೆ ದ್ರವ ಕೊಟ್ಟರು, ಅಳತೆ ಹೇಳಿ ಕ್ಯಾಲ್ಸಿಯಂ ಕೊಟ್ಟರು, ಗಾಜಿನ ಪೆಟ್ಟಿಗೆ ಬದಲಿಸಿ ಅಂದರು. ಅಂಗಡಿಯವರು ಗಂಡು ಅಂದಿದ್ದು ಹೆಣ್ಣು ಅಂತಲೂ ಗೊತ್ತಾಯಿತು, ರಾಜ ಎಂದಿದ್ದ ಹೆಸರು ರಾಣಿ ಆಯಿತು. ಮೂರು ದಿನ ಏನೂ ತಿನ್ನಲಿಲ್ಲ. ಆರನೇ ದಿನ ಎರಡು ಚಿಮ್ಮಂಡೆ ತಿಂದಿತು. ಬಾಗಿದ ಕಾಲು ನೆಟ್ಟಗಾಗುವುದಿಲ್ಲ, ಆದರೆ ಇನ್ನಷ್ಟು ಬಾಗುವುದು ನಿಂತಿದೆ ಅಂತ ಹೇಳಿದ್ದಾರೆ. ಮೊನ್ನೆ ಮಗಳು ಕಳಿಸಿದ ನೋಟ್‌ಬುಕ್ಕಿನ ಫೋಟೋದಲ್ಲಿ ತೂಕ 61 ಗ್ರಾಂನಿಂದ 68ಕ್ಕೆ ಏರಿತ್ತು, ಬಣ್ಣದ ಕಾಲಮ್ಮಿನಲ್ಲಿ "ಹಸಿರು" ಎಂದು ಕನ್ನಡದಲ್ಲೇ ಬರೆದಿದ್ದಳು. ಹೊಸ ಟ್ಯೂಬಿನ ಮೇಲೆ ಅವಳಪ್ಪ ತಾರೀಕು ಬರೆದು ಅಂಟಿಸಿದ್ದಾನೆ. ಯುವಿಬಿ ಕಣ್ಣಿಗೆ ಕಾಣುವುದಿಲ್ಲ, ಟ್ಯೂಬ್ ಬೆಳಗುತ್ತಿದ್ದರೂ ವರ್ಷದೊಳಗೆ ಅದು ಕುಂದುತ್ತದೆ, ಬದಲಿಸುವ ದಿನ ನೆನಪಿರಬೇಕಲ್ಲ.